ಮಗ್ಗದ ಕೈ, ಮೈದಾನದ ಕಾಲು

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಬಾಯಿಗಿಂತ ಮೊದಲು ಕೈ ಮಾತಾಡಲು ಕಲಿಯುತ್ತದೆ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವಾಗ ಪಕ್ಕದವನು ಬೈದರೂ ಆಶೀರ್ವಾದ ಮಾಡಿದಂತೆಯೇ ಕಾಣುತ್ತದೆ. ಹೀಗಾಗಿ ನಮ್ಮ ಬನಹಟ್ಟಿಯಲ್ಲಿ ಚಹಾ ಬಂತು, ಬೀಗರು ಬಂದರು, ಸಾಹುಕಾರ ಸಿಟ್ಟಿನಲ್ಲಿದ್ದಾನೆ, ಎಲ್ಲಕ್ಕೂ ಒಂದೊಂದು ಸನ್ನೆಯಿದೆ. ಎಲ್ಲಕ್ಕಿಂತ ದೊಡ್ಡದು ಬಲಗೈಯನ್ನು ನೆಟ್ಟಗೆ ಮೇಲೆತ್ತುವುದು. ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದರ್ಥ. ಆ ಕೈ ಕಂಡರೆ ಯಾಕೆ, ಏನು ಎಂದು ಕೇಳುವಂತಿಲ್ಲ. ಮೊದಲು ನಿಲ್ಲಿಸಬೇಕು, ಆಮೇಲೆ ನೋಡಬೇಕು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ನಾನು ಮಗ ಮಲ್ಲುವಿಗೆ ಕಲಿಸಿದ ವಿದ್ಯೆ ಇದೊಂದೇ. ಆದರೆ ಗಟ್ಟಿಯಾಗಿ ಕಲಿಸಿದ್ದೆ.

ಜಮಖಂಡಿಯ ಕಾಲೇಜು ಸೇರಿದ ಮಲ್ಲು ಅಲ್ಲಿಯ ಫುಟ್‌ಬಾಲ್ ತಂಡದಲ್ಲಿ ಹೆಸರು ಮಾಡಿದ. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಾನೆ ಎಂದು ಜನ ಹೊಗಳಿದರು. ಲಾಳಿ ಓಡಿದರೆ ಒಂದು ಸೀರೆಯಾದರೂ ಆಗುತ್ತದೆ, ಇವನು ಓಡಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಗೊಣಗುತ್ತಿದ್ದೆ. ಚಹಾದಂಗಡಿಯಲ್ಲಿ ಯಾರಾದರೂ 'ಮಲ್ಲೂನ ಅಪ್ಪಾರು' ಎಂದು ಕರೆದರೆ ಮಾತ್ರ ಇನ್ನೊಂದು ಕಪ್ ಹೇಳುತ್ತಿದ್ದೆ.

ಮುಧೋಳದ ಕಾಲೇಜಿನ ಜೊತೆ ಆಟವಿದ್ದ ದಿನ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಬಂದಿದ್ದರು. ಮಲ್ಲುವಿಗೆ ಅದು ಕೊನೆಯ ವರ್ಷ. ಆ ದಿನ ಕಣ್ಣಿಗೆ ಬೀಳದಿದ್ದರೆ ಮುಂದೆ ಮಗ್ಗವೇ ಗತಿ. ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಮಲ್ಲು ಇಬ್ಬರನ್ನು ದಾಟಿ ಗೋಲಿನ ಮುಂದೆ ಬಂದ. ಎಲ್ಲರೂ ಚೆಂಡು ನೋಡಿದರು. ನೇಕಾರನ ಕಣ್ಣು ಮೊದಲು ನೋಡುವುದು ಜೋತುಬಿದ್ದ ಎಳೆಯನ್ನು. ಅವನ ಬೂಟಿನ ಲೇಸು ಬಿಚ್ಚಿತ್ತು. ನನ್ನ ಬಲಗೈ ತಾನಾಗಿ ಮೇಲೆ ಹೋಯಿತು.

ಮಲ್ಲು ಗಕ್ಕನೆ ನಿಂತ. ಗೋಲ್‌ಕೀಪರ್ ಸಾವಕಾಶವಾಗಿ ಬಂದು ಚೆಂಡನ್ನು ಎತ್ತಿಕೊಂಡು ಹೋದ.

ವಿರಾಮದಲ್ಲಿ ಆಟದ ಮಾಸ್ತರರು ಕೆಂಪಾಗಿದ್ದರು. "ಯಾಕ್ ನಿಂತ್ಯೋ ಲೇ?"

"ನಮ್ಮಪ್ಪ ಎಳಿ ಹರದೈತಿ ಅಂದ್ರು, ಸರ್."

ಮಾಸ್ತರರು ಮೈದಾನದಲ್ಲೆಲ್ಲ ಎಳೆ ಹುಡುಕುವವರ ಹಾಗೆ ನೋಡಿದರು. ಮಲ್ಲು ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: "ಅಪ್ಪಾ, ನೀ ಕೈ ಎತ್ತಿದ್ರ ನನ್ನ ಕಾಲ ನಿಂತಬಿಡ್ತಾವು. ಇನ್ನ ಅರ್ಧಾ ಆಟ ಕೈಮ್ಯಾಲ ಕುಂತಬಿಡು."

ಮಾನವಂತ ಮನುಷ್ಯ ನಾನು. ಆದರೂ ಇಸ್ತ್ರಿಯ ಧೋತರದ ಕೆಳಗೆ ಎರಡೂ ಕೈ ಇಟ್ಟು ನೆಲದ ಮೇಲೆ ಕುಳಿತೆ. ಆಟ ಮುಗಿಯುವ ಹೊತ್ತಿಗೆ ಮಲ್ಲು ಮತ್ತೆ ಚೆಂಡಿನೊಂದಿಗೆ ನುಗ್ಗಿದ. ಲೇಸು ಮತ್ತೆ ಬಿಚ್ಚಿತ್ತು. ಅಷ್ಟು ಹೊತ್ತು ಎಳೆ ಜೋತಾಡುವುದನ್ನು ಸುಮ್ಮನೆ ನೋಡುವ ಸಂಕಟ ವೈರಿಗೂ ಬೇಡ. ಅವನು ಒದ್ದ. ಚೆಂಡು ಗೋಲಿನೊಳಗೆ ಹೋಯಿತು, ಹಿಂದೆಯೇ ಬೂಟೂ ಹೋಯಿತು. ಸೀಟಿ ಊದುವ ಪಂಚರು ಲೆಕ್ಕಕ್ಕೆ ಚೆಂಡನ್ನಷ್ಟೇ ಹಿಡಿದರು, ಅಷ್ಟೇ ಸಾಕಾಯಿತು. ಆರಿಸುವವರು ಅವನ ಹೆಸರು ಕೇಳಿದರು, ಬೂಟು ಹುಡುಕಲು ನಾನು ಹೋದೆ.

ವಿಶ್ವವಿದ್ಯಾಲಯದ ತಂಡ ಸೇರಿದ ಮೇಲೆ ರಜೆಗೆ ಬಂದವನು ಮೊನ್ನೆ ನನ್ನೆದುರಿನ ಮಗ್ಗದ ಮುಂದೆ ನಿಂತಿದ್ದ. ನನ್ನ ಕೈಗೆ ಇನ್ನೂ ಬೆಲೆಯಿದೆಯೋ ಇಲ್ಲವೋ ನೋಡೋಣ ಎನಿಸಿತು. ಎಳೆ ಏನೂ ಹರಿದಿರಲಿಲ್ಲ, ಸುಮ್ಮನೆ ಬಲಗೈ ಎತ್ತಿದೆ. ಅವನು ಮಗ್ಗ ನಿಲ್ಲಿಸಲಿಲ್ಲ. ಪ್ರತಿಯಾಗಿ ತಾನೂ ಬಲಗೈ ಎತ್ತಿದ. ದೊಡ್ಡ ಆಟಗಾರನಾಗಿ ಅಪ್ಪನನ್ನೇ ಅಣಕಿಸುತ್ತಾನೆ ಎಂದು ಸಿಟ್ಟು ಬಂತು. ನಾನೂ ಇಳಿಸಲಿಲ್ಲ, ಅವನೂ ಇಳಿಸಲಿಲ್ಲ. ಕೊನೆಗೆ ತೋಳು ನೋವಾಗಿ ಕೈ ಇಳಿಸಿ ನನ್ನ ಮಗ್ಗದ ಕಡೆ ನೋಡಿದೆ. ಎಳೆ ಹರಿದು ಒಂದು ಗೇಣು ಸೀರೆ ಕೆಟ್ಟುಹೋಗಿತ್ತು.