ಅಕ್ಷತೆಯ ನಂತರ ಬೂಟ್ ಆಗದ ಲ್ಯಾಪ್‌ಟಾಪ್ ಕುರಿತು

ಕನ್ನಡ ಶಾಲೆ, ಗಣಕಯಂತ್ರ ಉಪಸಮಿತಿ
ಪ್ಲೇನ್ಸ್‌ಬರೋ, ನ್ಯೂಜೆರ್ಸಿ

ಸಂಖ್ಯೆ: ಗಉಸ/ಬೂಟ್/ಅಕ್ಕಿ/೦೧

ವಿಷಯ: ಲ್ಯಾಪ್‌ಟಾಪ್ ಬೂಟ್ ಆಗದಿದ್ದಾಗ ಅನುಸರಿಸಬೇಕಾದ ಕ್ರಮ ಹಾಗೂ ಓಪನ್ ಸೋರ್ಸ್ ಸಹಾಯಪುಟಗಳಲ್ಲಿ ಕಾಪಾಡಬೇಕಾದ ಮರ್ಯಾದೆ.

ಉಲ್ಲೇಖ: ಆಯುಧಪೂಜೆಯಂದು ವಾಟ್ಸಾಪ್ ಗುಂಪಿಗೆ ಹಾಕಲಾದ ಪೂಜೆಯ ಫೋಟೋ (ಅಳಿಸಲಾಗಿದೆ).

ಆಯುಧಪೂಜೆಯಂದು ಮಾನ್ಯ ಅಧ್ಯಕ್ಷರಾದ ಶ್ರೀ ಶಾಂತಾರಾಮ ಅವರು ಶಾಲೆಯ ಏಕೈಕ ಲ್ಯಾಪ್‌ಟಾಪಿನ ಮೇಲೆ ಧಾರಾಳವಾಗಿ ಅಕ್ಷತೆ ಹಾಕಿದ್ದು, ಮುಂದಿನ ಭಾನುವಾರ ಸದರಿ ಲ್ಯಾಪ್‌ಟಾಪ್ ಬೂಟ್ ಆಗಲು ನಿರಾಕರಿಸಿರುತ್ತದೆ. ಶಿಕ್ಷಕಿ ಶ್ರೀಮತಿ ತನುಶ್ರೀ ಅವರು ಎಂಟರ್ ಗುಂಡಿಯ ಸಂದಿಯಿಂದ ಕಾಳೊಂದನ್ನು ಹೇರ್‌ಪಿನ್ನಿನಿಂದ ಮೀಟಿ ತೆಗೆದು ಲ್ಯಾಪ್‌ಟಾಪನ್ನು ಚಾಲೂ ಮಾಡಿ, ಮಕ್ಕಳೆದುರೇ ‘ಅಂಕಲ್, ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟಿದ್ರೆ ಸಾಕಿತ್ತು, ಊಟ ಯಾಕೆ ಹಾಕಿದ್ರಿ?’ ಎಂದು ಕೇಳಿರುವುದು ದಾಖಲಾಗಿದೆ. ಅಷ್ಟಕ್ಕೇ ಬಿಡದೆ, ಅದರಲ್ಲಿರುವ ಓಪನ್ ಸೋರ್ಸ್ ತಂತ್ರಾಂಶಕ್ಕೆ ಬಳಕೆದಾರರೇ ಸೇರಿ ಬರೆಯುವ ಸಹಾಯಪುಟದಲ್ಲಿ ‘ಪೂಜೆಯ ನಂತರ ಬೂಟ್ ಆಗದಿದ್ದರೆ ಗುಂಡಿಗಳ ಸಂದಿಯಲ್ಲಿ ಅಕ್ಕಿ ಇದೆಯೇ ನೋಡಿ’ ಎಂಬ ಸಾಲು ಸೇರಿಸಿದ್ದಾರೆ. ಅದು ಅಂಗೀಕಾರವೂ ಆಗಿ ಊರಿಗೆಲ್ಲ ಡಂಗುರವಾಗಿದೆ. ಅಧ್ಯಕ್ಷರಿಗೆ ಬಹಳ ನೋವಾಗಿದೆ. ಆದುದರಿಂದ ಎಲ್ಲರ ಪಾಲನೆಗೆ ತಿಳಿಯಪಡಿಸುವುದೇನೆಂದರೆ:

೧. ಲ್ಯಾಪ್‌ಟಾಪ್ ‘ಕೆಟ್ಟಿದೆ’ ಎಂದು ಯಾರೂ ಹೇಳತಕ್ಕದ್ದಲ್ಲ. ‘ಇನ್ನೂ ಎದ್ದಿಲ್ಲ’ ಎನ್ನತಕ್ಕದ್ದು.

೨. ಪವರ್ ಗುಂಡಿಯನ್ನು ಮೊದಲು ಅಧ್ಯಕ್ಷರು, ನಂತರ ಮಾಜಿ ಅಧ್ಯಕ್ಷರು ಒತ್ತತಕ್ಕದ್ದು. ಮಾಜಿ ಅಧ್ಯಕ್ಷರು ಹಿಲ್ಸ್‌ಬರೋದಿಂದ ಡ್ರೈವ್ ಮಾಡಿಕೊಂಡು ಬರುವವರೆಗೆ ಮಕ್ಕಳಿಂದ ಕಾಗುಣಿತ ಹೇಳಿಸುವುದು.

೩. ಕಾಳು ಹಳದಿಯಾಗಿದ್ದ ಮಾತ್ರಕ್ಕೆ ಅಕ್ಷತೆಯೆಂದು ತೀರ್ಮಾನಿಸಲಾಗದು. ಅದು ಯಾರದೋ ಡಬ್ಬಿಯ ಚಿತ್ರಾನ್ನವೇ ಎಂದು ಪರಿಶೀಲಿಸಲು ಏಕಸದಸ್ಯ ಸಮಿತಿ ರಚಿಸಲಾಗಿದ್ದು, ಅಧ್ಯಕ್ಷರೇ ಆ ಸದಸ್ಯರು.

೪. ಸಹಾಯಪುಟ ತಿದ್ದಬಯಸುವವರು ಕರಡನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ‘ಅಕ್ಕಿ’ ಎಂದಿರುವಲ್ಲಿ ‘ಹವಾಮಾನ’ ಎಂದು ಬರೆಯುವುದು.

೫. ಆ ಸಾಲಿನಿಂದ ತಮ್ಮ ಕಂಪ್ಯೂಟರ್ ಎದ್ದಿತೆಂದು ಅಪರಿಚಿತರು ಧನ್ಯವಾದ ಬರೆದಿರುವುದನ್ನು ಗಮನಿಸಲಾಗಿದೆ. ಗಮನಿಸಿದ್ದನ್ನು ಮರೆಯಲಾಗಿದೆ.

೬. ತನುಶ್ರೀ ಅವರು ಸದರಿ ಸಾಲನ್ನು ಕೂಡಲೇ ಅಳಿಸತಕ್ಕದ್ದು. ತಪ್ಪಿದಲ್ಲಿ ಅವರ ತರಗತಿಯನ್ನು ಬೇರೆಯವರಿಗೆ ವಹಿಸಲಾಗುವುದು. (ಬೇರೆಯವರು ಯಾರೂ ಮುಂದೆ ಬಂದಿರುವುದಿಲ್ಲ.)

(ಸಹಿ)
ಶಾಂತಾರಾಮ
ಅಧ್ಯಕ್ಷರು ಹಾಗೂ ಏಕಸದಸ್ಯ ಸಮಿತಿ

ಪ್ರತಿಗಳು:

ಎಲ್ಲ ಶಿಕ್ಷಕರಿಗೆ, ಪಾಲನೆಗಾಗಿ.

ಫೋಟೋ ತೆಗೆದ ಶ್ರೀ ಮಹೇಶ್ ಅವರಿಗೆ, ಇನ್ನು ಮುಂದೆ ಹೂವಿನ ಫೋಟೋ ಮಾತ್ರ ತೆಗೆಯುವಂತೆ.

ಶ್ರೀಮತಿ ತನುಶ್ರೀ ಅವರಿಗೆ: ಅದೇ ದಿನ ಮನೆಯ ಕಂಪ್ಯೂಟರಿಗೂ ಪೂಜೆ ಮಾಡಿದ್ದು ಅಧ್ಯಕ್ಷರಿಗೆ ಈಗಷ್ಟೇ ನೆನಪಾಗಿರುತ್ತದೆ. ಅದು ಇನ್ನೂ ಎದ್ದಿಲ್ಲ. ಆದಕಾರಣ ಮುಂದಿನ ಆದೇಶದವರೆಗೆ ಸದರಿ ಸಾಲನ್ನು ಅಳಿಸತಕ್ಕದ್ದಲ್ಲ. ಅಧ್ಯಕ್ಷರ ಮನೆಗೆ ಬರುವಾಗ ಹೇರ್‌ಪಿನ್ ತರುವುದು.