ಚಾ ಕುಡಿಸುವ ಬಟನ್

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನನ್ನ ಸೋದರಮಾವನ ಹಟದ ಫಲ ಉಂಡವರು ನಾವು, ಅವರಲ್ಲ. ನಾವು ಎಂದರೆ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಗೇಮ್ ವಿನ್ಯಾಸ ಮತ್ತು ತಂತ್ರಜ್ಞಾನ ಓದುತ್ತಿರುವ ನಾಲ್ವರು. ನಮ್ಮ ತಂಡದ ಪೋಲೆಂಡಿನ ಹುಡುಗಿಯಂತೂ ಹನ್ನೊಂದು ದಿನ ಬೇರೆ ಕೆಲಸವನ್ನೇ ಮಾಡದೆ ಕುರಿಗಳ ಮೋರೆಗಳನ್ನು ಬರೆದಳು. ಅಕ್ಕಲಕೋಟ ತಾಲ್ಲೂಕಿನ ಕುರನೂರಿನಲ್ಲಿ ಕುರಿ ಕಾಯುವ, ಜೀವಮಾನದಲ್ಲಿ ಒಂದೇ ಒಂದು ವಿಡಿಯೊ ಗೇಮ್ ಆಡಿದ, ಅದನ್ನೂ ಎಷ್ಟೋ ದಿನ ಮುಗಿಸದ ಮನುಷ್ಯರೊಬ್ಬರು ಸಮುದ್ರದಾಚೆಯ ನಾಲ್ವರು ವಿದ್ಯಾವಂತರನ್ನು ಹೀಗೆ ಕುಣಿಸಿದರೆಂದರೆ ನಂಬುತ್ತೀರಾ? ನಂಬಲೇಬೇಕು! ಅವರ ಹೆಸರನ್ನು ಮಾತ್ರ ಈ ಲೇಖನದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಏಕೆಂಬುದನ್ನು ಕೊನೆಗೆ ಹೇಳುತ್ತೇನೆ.

ನಾನು ಬೆಳೆದದ್ದು ಸೊಲ್ಲಾಪುರದಲ್ಲಿ. ಅವ್ವನ ತವರು ಕುರನೂರು. ಪುಣೆಯ ಕಾಲೇಜಿನಿಂದ ಒಂದು ವರ್ಷದ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಆಯ್ಕೆಯಾದಾಗ ಮಾಮಾ ನನ್ನನ್ನು ಬೀಳ್ಕೊಡಲು ಸೊಲ್ಲಾಪುರದ ಸ್ಟೇಷನ್ನಿಗೆ ಬಂದರು.

"ಅಲ್ಲಿ ಹೋಗಿ ಏನ್ ಕಲೀತಿ ಯವ್ವಾ?"

"ಆಟ ಮಾಡೂದು ಕಲೀತೀನ್ರಿ ಮಾಮಾ."

ಮಾಮಾ ಹಳಿಗಳ ಕಡೆ ನೋಡುತ್ತ ಹೇಳಿದರು: "ಸಣ್ಣಾಕಿದ್ದಾಗ ಬರೇ ಆಡ್ತಿ ಅಂತ ನಿನಗ ಭಾಳ ಬೈದೀನಿ ನಾ. ಅದು ಅಭ್ಯಾಸ ಅಂತ ಗೊತ್ತಿರಲಿಲ್ಲ. ಚೂಕ ಆತು."

ತಪ್ಪನ್ನು ಇಷ್ಟು ಸರಳವಾಗಿ ಒಪ್ಪಿಕೊಂಡ ಹಿರಿಯರನ್ನು ನಾನು ಬೇರೆ ಕಂಡಿಲ್ಲ! ಒಪ್ಪಿಕೊಂಡವರೇ ಹೆಗಲ ಮೇಲಿನ ಕರಿಯ ಕಂಬಳಿಯನ್ನು ನನ್ನ ತೋಳಿಗೇರಿಸಿದರು. ವಿಮಾನದಲ್ಲಿ ಇಷ್ಟೇ ತೂಕ ಒಯ್ಯಬೇಕೆಂಬ ನಿಯಮವಿದೆ, ಇದು ಭಾರವಾಗುತ್ತದೆ ಎಂದೆ.

"ಮೈಮ್ಯಾಲ ಹೊತ್ಕೊಂಡ್ ತಿರುಗೂ ಕುರಿಗಿ ಭಾರ ಆಗೂದಿಲ್ಲ, ಕುಂತು ಹೋಗೂ ನಿನಗ ಭಾರ ಆಗ್ತೈತೇನ?"

ವಿಮಾನ ಸಂಸ್ಥೆಗಳ ಬಳಿ ಈ ಪ್ರಶ್ನೆಗೆ ಉತ್ತರವಿರಲಾರದು. ಕಂಬಳಿ ನನ್ನೊಡನೆ ಬಂತು.

ಇಲ್ಲಿ ಸ್ಕಾಟ್ಲೆಂಡಿನಲ್ಲಿ ಎರಡನೆಯ ಅವಧಿಯಲ್ಲಿ ತಂಡವಾಗಿ ಒಂದು ಗೇಮ್ ಮಾಡಬೇಕಿತ್ತು. ವಿಷಯ ನನ್ನದು. ಅಲೆದಾಡಿ ಕುರಿ ಮೇಯಿಸುವವರ ದಾರಿಗಳಿಗೆ ಒಂದೊಂದಾಗಿ ಬೇಲಿ ಬೀಳುತ್ತಿದೆ. ಹುಲ್ಲುಗಾವಲು ಯಾರದೆಂಬ ಪ್ರಶ್ನೆಗೆ ಕಾಗದ ಇದ್ದವರದೆಂಬ ಉತ್ತರ ಸಿಗುತ್ತಿದೆ. ಇದು ಅನ್ಯಾಯ. ಈ ಅನ್ಯಾಯವನ್ನು ಆಡುವವರು ತಮ್ಮ ಬೆರಳ ತುದಿಯಲ್ಲಿ ಅನುಭವಿಸಬೇಕೆಂದು ನಾನು ವಾದಿಸಿದೆ, ಉಳಿದ ಮೂವರು ಒಪ್ಪಿದರು. ಆಟ ಸರಳ: ನಲವತ್ತು ಕುರಿಗಳನ್ನು ಬೇಲಿಗಳ ನಡುವೆ, ಕೋಲು ಹಿಡಿದ ಕ್ರೂರ ಕಾವಲುಗಾರನ ಕಣ್ಣು ತಪ್ಪಿಸಿ ಮೇಯಿಸಿಕೊಂಡು ಬಂದು, ಹೊತ್ತು ಮುಳುಗುವುದರೊಳಗೆ ರಾತ್ರಿ ಕುರಿ ಕೂಡುವ ದಡ್ಡಿಗೆ ಸೇರಿಸಬೇಕು.

ಗೇಮಿನ ಗಾಳಿಯೂ ಸೋಕದವರ ಕೈಗೆ ಕೊಟ್ಟು ಪರೀಕ್ಷಿಸಿ ಎಂದರು ನಮ್ಮ ಅಧ್ಯಾಪಕಿ. ಅಂಥವರು ನನಗೆ ಗೊತ್ತಿರಲಿಲ್ಲವೇ! ಗೇಮನ್ನು ಮಾಮಿಯ ಫೋನಿಗೆ ಕಳಿಸಿದೆ. ಮಾಮಾನ ಫೋನಿನಲ್ಲಿ ವಿಡಿಯೊ ಕರೆ. ಇಲ್ಲಿ ಬೆಳಿಗ್ಗೆ, ಅಲ್ಲಿ ಕುರಿಗಳು ಬೇವಿನ ನೆರಳಿಗೆ ಬಂದ ಮಧ್ಯಾಹ್ನ.

"ಯವ್ವಾ, ಇದು ನಾ ಒತ್ತಿದ್ರ ಕೇಳವಲ್ತಲ್ಲ!"

ಕರೆಯ ಫೋನನ್ನು ಹಿಡಿದು ನಿಂತಿದ್ದ ಮಾಮಿ ಬಿಡುತ್ತಾರೆಯೇ? "ಮನ್ಯಾಗ ನೀವು ಹೇಳಿದ್ದು ಯಾರ್ ಕೇಳ್ತಾರ, ಅದೊಂದು ಕೇಳಾಕ!"

ಕಾರಣ ಬೇರೆಯಿತ್ತು. ಉಣ್ಣೆ ಕತ್ತರಿಸಿ, ಕೋಲು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳನ್ನು ಫೋನಿನ ಗಾಜು ಬೆರಳೆಂದೇ ಗುರುತಿಸುತ್ತಿರಲಿಲ್ಲ. ದುಡಿಯದ ಕೈಗಳಿಗಾಗಿ ಮಾಡಿದ ಯಂತ್ರ ಇದು ಎಂದು ಅಂದೇ ವರದಿಯಲ್ಲಿ ಬರೆದೆ. ಮಾಮಾ ವರದಿಗಾಗಿ ಕಾಯಲಿಲ್ಲ. ಕಿರುಬೆರಳಿನ ಗೆಣ್ಣಿನಿಂದ ಒತ್ತಿ ಆಟ ಶುರುಮಾಡಿದರು. ಮಾಡಿದವರೇ ಗಕ್ಕನೆ ನಿಂತರು.

"ಇವೇನು, ಕುರೀನ?"

"ಹೌದ್ರಿ ಮಾಮಾ. ನಲವತ್ತ್ ಅದಾವು."

"ನಲವತ್ತ್ ಎಲ್ಲಿ ಅದಾವು? ಒಂದ ಕುರಿ ನಲವತ್ತ್ ಸಲ ನಿಂತೈತಿ!"

ನನ್ನ ತಂಡಕ್ಕೆ ಇದನ್ನು ಅನುವಾದಿಸಿ ಹೇಳಿದಾಗ ಮೂವರೂ ತಲೆ ತಗ್ಗಿಸಿದರು. ನಾವು ಮಾಡಿದ್ದೂ ಅದನ್ನೇ: ಒಂದು ಕುರಿಯ ಮಾದರಿಯನ್ನು ರಚಿಸಿ ಉಳಿದ ಮೂವತ್ತೊಂಬತ್ತು ಕಡೆ ನಕಲಿಸಿದ್ದೆವು. ಯಂತ್ರದ ಶ್ರಮ ಉಳಿಸುವ ಈ ಉಪಾಯವನ್ನು ಪಾಠದಲ್ಲೇ ಕಲಿಸುತ್ತಾರೆ.

"ಒಂದು ತಪ್ಪಿಸ್ಕೊಂಡ್ರ ಯಾವುದಂತ ಹ್ಯಾಂಗ ಗುರ್ತ ಹಿಡೀಲಿ?"

"ಮ್ಯಾಲ ಲೆಕ್ಕ ತೋರಸ್ತೈತ್ರಿ. ಮೂವತ್ತೊಂಬತ್ತು ಅಂತ ಬರ್ತೈತಿ."

"ಮೂವತ್ತೊಂಬತ್ತು ಅಂದ್ರ ಯಾರು?"

ಹನ್ನೊಂದು ದಿನಗಳ ಮೋರೆ ಬರೆಯುವ ಕೆಲಸ ಶುರುವಾದದ್ದು ಈ ಪ್ರಶ್ನೆಯಿಂದ. ಮಾಮಾ ದಿನಕ್ಕೆ ಮೂರು-ನಾಲ್ಕರಂತೆ ತಮ್ಮ ಕುರಿಗಳ ಗುರುತು ಹೇಳಿದರು: ಚುಕ್ಕಿ, ಮೋಟಗಿವಿ, ಕೆಂದಿ, ಯಾರ ಮಾತನ್ನೂ ಕೇಳದ ಸರಪಂಚನೆಂಬ ಟಗರು. ಕೊನೆಗೆ ಹಿಂಗಾಲು ಎಳೆದು ನಡೆಯುವ ಒಂದು ಮುದಿ ಕುರಿ, ಕುಂಟಿ. ಅಂಗವೈಕಲ್ಯವನ್ನೇ ಹೆಸರಾಗಿ ಕರೆಯುವುದು ತಪ್ಪು, ನನ್ನ ಗೇಮಿನಲ್ಲಿ ಆ ಪದ ಬರಕೂಡದು ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಮಾಮಾ ವಾದಿಸಲಿಲ್ಲ. ಮರುದಿನ ಕರೆ ಮಾಡಿದರು.

"ಹೆಸರ ಬದಲ ಮಾಡೀನವ್ವಾ. ಬಾಯಿಸಾಹೇಬ. ಸಾವಕಾಶ ಬರ್ತಾಳ, ಆಕಿ ಬರೂತನಾ ಎಲ್ಲಾರೂ ನಿಂತ ಕಾಯ್ಬೇಕು!"

ನಮ್ಮ ಕಡೆ ದೊಡ್ಡ ಮನೆತನದ ಯಜಮಾನಿಯರನ್ನು ಕರೆಯುವ ಹೆಸರದು. ಗೌರವ ಹೆಚ್ಚಾಯಿತೋ ಗೇಲಿ ಹೆಚ್ಚಾಯಿತೋ, ನಾನಿನ್ನೂ ತೀರ್ಮಾನಿಸಿಲ್ಲ.

ಮುಂದಿನ ರಾದ್ಧಾಂತ ಕಾವಲುಗಾರನದು. ನನ್ನ ಇಡೀ ವಾದದ ಖಳನಾಯಕ ಅವನು. ಅವನ ಹುಬ್ಬನ್ನು ನಾನೇ ಗಂಟಿಕ್ಕಿಸಿದ್ದೆ. ಆಡುವವರು ಓಡಬೇಕು, ಅಡಗಬೇಕು, ಸಿಟ್ಟಾಗಬೇಕು. ಮಾಮಾ ಕುರಿಗಳನ್ನು ನೇರವಾಗಿ ಅವನೆದುರಿಗೆ ಒಯ್ದು ನಿಲ್ಲಿಸಿದರು.

"ಇವಂಗ ಚಾ ಕುಡಸೂ ಬಟನ್ ಎಲ್ಲಿ ಐತಿ?"

"ಮಾಮಾ, ಅವ ದುಷ್ಟ ಮನಷ್ಯಾರಿ! ಓಡ್ರಿ!"

"ದುಷ್ಟ ಇರ್ಲಿ. ಬಿಸಿಲಾಗ ಮುಂಜಾನಿಂದ ಒಬ್ಬನ ನಿಂತಾನ. ಯಾವ ಊರಾವಪಾ, ಮಕ್ಕಳೆಷ್ಟು ಅಂತ ಕೇಳದ ಮುಂದ ಹ್ಯಾಂಗ ಹೋಗ್ಲಿ? ಚಾ ಇಲ್ಲದ ಇದೆಂಥಾ ಆಟ ಮಾಡೀದಿ?"

ನಾನು ಬೇಲಿ ಹಾಕಿಸಿದವರ ಬಗ್ಗೆ, ನೀತಿಯ ಬಗ್ಗೆ ಉಪನ್ಯಾಸ ಕೊಟ್ಟೆ. ಮಾಮಾ ಸಂಪೂರ್ಣ ಕೇಳಿಸಿಕೊಂಡರು. "ಖರೇ ಐತಿ. ಆದ್ರ ಬ್ಯಾಲಿ ಹಾಕಿಸಿದಾಂವ ಇವ ಅಲ್ಲಲ್ಲ? ಅವನ್ನ ತೋರ್ಸು, ಅವನ್ನ ಕಂಡು ಓಡ್ತೀನಿ."

ನಾಚಿಕೆಯಿಂದ ಹೇಳುತ್ತೇನೆ: ಹಾಕಿಸಿದವನನ್ನು ನಾವು ಗೇಮಿನಲ್ಲಿ ತೋರಿಸಿಯೇ ಇರಲಿಲ್ಲ. ಅನ್ಯಾಯದ ಹೊಣೆಯನ್ನೆಲ್ಲ ಸಂಬಳದ ಒಬ್ಬ ಬಡಪಾಯಿಯ ಹುಬ್ಬಿಗೆ ಗಂಟುಹಾಕಿದ್ದೆವು. ಬಟನ್ ಬಂತು. ಚಾ ಕುಡಿದ ಕಾವಲುಗಾರ ಬೇಲಿಯ ಯಾವ ಮೂಲೆ ಸಡಿಲವಿದೆಯೆಂದು ತಾನೇ ಹೇಳುವಂತಾಯಿತು.

ಇಷ್ಟಾದರೂ ಮಾಮಾ ಗೇಮನ್ನು ಮುಗಿಸಲಿಲ್ಲ. ದಿನವೂ ದಡ್ಡಿಯ ಬಾಗಿಲವರೆಗೆ ಬಂದು ಸೋಲುತ್ತಿದ್ದರು. ಬಾಯಿಸಾಹೇಬ ಹಿಂದುಳಿದಿರುತ್ತಿದ್ದಳು, ಮಾಮಾ ಬಾಗಿಲ ತಟ್ಟಿ ತೆರೆದಿಟ್ಟು ನಿಲ್ಲುತ್ತಿದ್ದರು, ಪರದೆಯ ಮೇಲೆ ಕೆಂಪಗೆ 'ಸಮಯ ಮುಗಿಯಿತು' ಎಂದು ಬೀಳುತ್ತಿತ್ತು.

"ಒಂದನ್ನ ಬಿಟ್ಟು ಒಳಗ ನಡೀರಿ ಮಾಮಾ, ಐದ ಪಾಯಿಂಟ್ ಅಷ್ಟ ಹೋಗ್ತಾವು."

"ಸಮಯ ಯಾರದು ಮುಗೀತು? ಬಾಯಿಸಾಹೇಬಂದು ಇನ್ನ ಮುಗದಿಲ್ಲಲ್ಲ."

ಗಡಿಯಾರವನ್ನು ಕಿತ್ತು ಹಾಕಿದೆವು. ಈಗ ನಮ್ಮ ಗೇಮ್ ಮುಗಿಯುವುದು ಹೊತ್ತು ಮುಳುಗಿದಾಗಲ್ಲ, ಕೊನೆಯ ಕುರಿ ಒಳಗೆ ಬಂದಾಗ. ಮಾಮಾ ಅಂದೇ ಗೆದ್ದರು. ಗೆದ್ದೆನೆಂದು ಅವರಿಗೆ ಗೊತ್ತಾಗಲೇ ಇಲ್ಲ; ತಟ್ಟಿ ಮುಚ್ಚಿ ಫೋನನ್ನು ಮಾಮಿಗೆ ಕೊಟ್ಟು ನೀರು ಕುಡಿಯಲು ಹೋದರು!

ವಿಭಾಗದ ಪ್ರದರ್ಶನದಲ್ಲಿ ನಮ್ಮ ಗೇಮಿನ ಮುಂದೆ ಸಾಲು ನಿಂತಿತು. ಕುರಿ ಸಾಕುವ ಮನೆತನದಿಂದ ಬಂದ ನಮ್ಮ ಅಧ್ಯಾಪಕಿ ಬಾಯಿಸಾಹೇಬ ನಡೆಯುವುದನ್ನು ಕಂಡವರೇ, ಇದರ ಗೊರಸಿನಲ್ಲಿ ಕೊಳೆ ರೋಗವಿದೆ, ನಿಜವಾದ ಕುರಿಯನ್ನು ನೋಡಿದವರಷ್ಟೇ ಹೀಗೆ ಮಾಡಬಲ್ಲರು ಎಂದರು. ತೀರ್ಪುಗಾರರು ಮೂರನ್ನು ಹೆಸರಿಸಿ ಹೊಗಳಿದರು: ಒಂದೊಂದು ಕುರಿಗೂ ಒಂದೊಂದು ಮೋರೆ, ಚಾ ಬಟನ್, ಗಡಿಯಾರವಿಲ್ಲದ ಮುಕ್ತಾಯ. ಈ ಮೂರರಲ್ಲಿ ನಮ್ಮ ನಾಲ್ವರದು ಎಷ್ಟು? ಸೊನ್ನೆ.

ಈ ತಿಂಗಳ ಕೊನೆಗೆ ಗೇಮ್ ಎಲ್ಲರಿಗೂ ಬಿಡುಗಡೆಯಾಗಲಿದೆ. ಗೇಮಿನ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ಆಮೇಲೆ ಬದಲಾಗದು. ವಿಭಾಗದ ನಿಯಮದಂತೆ 'ವಿನ್ಯಾಸ' ಎಂಬ ಶೀರ್ಷಿಕೆಯಡಿ ನೋಂದಾಯಿತ ವಿದ್ಯಾರ್ಥಿಗಳು ಮಾತ್ರ. ಹೊರಗಿನವರು 'ಕೃತಜ್ಞತೆ'ಯಲ್ಲಿ, ಅದೂ ಗೇಮನ್ನು ಪರೀಕ್ಷಿಸಿದ ಸರದಿಯ ಸಂಖ್ಯೆಯಾಗಿ. ಮೂವತ್ತೊಂಬತ್ತು ಅಂದರೆ ಯಾರು ಎಂದು ಕೇಳಿದ ಮನುಷ್ಯ ಅಲ್ಲಿ 'ಪರೀಕ್ಷಕ ೭' ಆಗಿದ್ದಾರೆ. ಎಲ್ಲರ ತಪ್ಪನ್ನೂ ಹೇಳುವ ನಾನು ನನ್ನದನ್ನೂ ಹೇಳಬೇಕು: ಪಟ್ಟಿಗಾಗಿ ತುಂಬಿದ ನಮೂನೆಯಲ್ಲಿ ಏಳು ಎಂದು ಬರೆದ ಕೈ ನನ್ನದೇ. ಆಗ ಅದು ನನಗೆ ತಪ್ಪೆಂದು ತೋರಲೇ ಇಲ್ಲ.

ಮೊನ್ನೆ ಅಲ್ಲಿ ಸಂಜೆಯಾಗುವ ಹೊತ್ತಿಗೆ ಕರೆ ಮಾಡಿ ಮಾಮಾನಿಗೆ ಇದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕರು. "ಇರ್ಲಿ ಬಿಡವ್ವಾ. ನಾ ಏನ್ ಮಾಡೀನಿ? ಕುಂತು ಆಡೀನಿ." ಅಷ್ಟರಲ್ಲಿ ಕುರಿಗಳು ದಡ್ಡಿಯ ಬಾಗಿಲಿಗೆ ಬಂದವು. ಫೋನನ್ನು ಮಾಮಿಯ ಕೈಗಿಟ್ಟು ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತ ಒಳಗೆ ಬಿಡತೊಡಗಿದರು. ಎಲ್ಲಕ್ಕಿಂತ ಕೊನೆಗೆ ಬಾಯಿಸಾಹೇಬ ಬಂದಳು. ಮಾಮಾ ತಟ್ಟಿ ಮಾತ್ರ ಮುಚ್ಚಲಿಲ್ಲ.

"ಮಾಮಿ, ಎಲ್ಲಾ ಬಂದುವಲ್ರಿ. ಯಾಕ ನಿಂತಾರ?"

ಮಾಮಿ ದನಿ ತಗ್ಗಿಸಿದರು. "ನೀ ಹೋದಾಗಿಂದ ದಿನಾ ಹಿಂಗ ಮಾಡ್ತಾರವ್ವಾ. ಸ್ವಲ್ಪ ಹೊತ್ತು ತಗದ ಇಡ್ತಾರ. ಕೇಳಿದ್ರ, ಒಂದು ಇನ್ನ ಹೊರಗ ಐತಿ, ದೂರ ಮೇಯಾಕ ಹೋಗೈತಿ, ಅಂತಾರ."

ನಾನು ಆ ಕಂಬಳಿ ಹೊದ್ದು ಕುಳಿತಿದ್ದೆ.

ಆದ್ದರಿಂದ, ವಿಭಾಗದ ಹೆಸರುಪಟ್ಟಿಯ ಸಮಿತಿಯವರೇ, ನನ್ನನ್ನೂ ಸೇರಿಸಿಕೊಂಡು ನಮ್ಮ ತಂಡದ ನಾಲ್ವರೇ, ನನ್ನ ಬೇಡಿಕೆ ಇಷ್ಟು. 'ಪರೀಕ್ಷಕ ೭' ಎಂಬುದನ್ನು ಅಳಿಸಿ. 'ವಿನ್ಯಾಸ'ದ ಕೆಳಗೆ, ನಮ್ಮ ನಾಲ್ವರಿಗಿಂತ ಮೇಲೆ, ನನ್ನ ಸೋದರಮಾವನ ಪೂರ್ತಿ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಅದು ಮೊದಲು ಅಚ್ಚಾಗಬೇಕಾದದ್ದು ಅಲ್ಲಿ; ಅದಕ್ಕಾಗಿಯೇ ಇಲ್ಲಿ ಬರೆದಿಲ್ಲ. ಅಲ್ಲಿಯವರೆಗೆ ಪಟ್ಟಿಯನ್ನು ಮುಚ್ಚಬೇಡಿ. ಒಂದು ಇನ್ನೂ ಹೊರಗಿದೆ.