ಹವಳಕ್ಕೆ ನೀರು ಸೋಕಬಾರದು

ಮೈಸೂರಿನಿಂದ ಸಮುದ್ರ ದೂರವಿರುವುದು ಆಡಳಿತಾತ್ಮಕ ಲೋಪವೆಂದು ಜಲಕ್ರೀಡಾ ಉತ್ತೇಜನ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಲೋಪ ಸರಿಪಡಿಸುವ ಹೊಣೆ ಹೊತ್ತ ನಿರ್ದೇಶಕ ನಂಜುಂಡಸ್ವಾಮಿಯವರು ಸಕುಟುಂಬರಾಗಿ ಅಂಡಮಾನಿಗೆ ಅಧ್ಯಯನ ಪ್ರವಾಸ ಹೋದರು. ಅಲ್ಲಿ ಕಡಲು ಶಾಂತವಾಗಿತ್ತು. ಹೆಚ್ಚು ಆಳವಿಲ್ಲದ ತಿಳಿನೀರಿನಡಿ ಹವಳದ ದಿಬ್ಬಗಳಿದ್ದವು, ಬಣ್ಣಬಣ್ಣದ ಮೀನುಗಳಿದ್ದವು. ಅವರ ಪತ್ನಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ನೋಡಿ ಬಂದರು. ನಿರ್ದೇಶಕರದ್ದು ಶೀತದ ಮೈ. ಅವರು ದಡದಲ್ಲಿ ಎಳನೀರು ಕುಡಿಯುತ್ತಾ ಪರಿಣತಿ ಪಡೆದರು.

ಬಂದವರೇ ವಿದ್ಯಾರಣ್ಯಪುರಂನಲ್ಲಿದ್ದ ಮಂಡಳಿಯ ಈಜುಕೊಳವನ್ನು ಹವಳದ ದಿಬ್ಬವೆಂದು ಘೋಷಿಸಿದರು. ಅಲ್ಲಿ ಅಂಬುಜಾ ಎಂಬಾಕೆ ಬಡಾವಣೆಯ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಮಕ್ಕಳನ್ನು ಮೇಲಕ್ಕೆ ಹತ್ತಿಸಿ ನೀರನ್ನು ಮೋರಿಗೆ ಬಿಡಲಾಯಿತು. ದಸರಾ ಸ್ತಬ್ಧಚಿತ್ರ ಮಾಡುವ ಸಿದ್ದರಾಜುವಿಗೆ ಹವಳ ನಿರ್ಮಾಣದ ಕೆಲಸ ಸಿಕ್ಕಿತು. ಅವನು ಹವಳ ಕಂಡವನಲ್ಲ. ಹೂಕೋಸು ನೋಡಿಕೊಂಡು ಮಾಡಿ, ಗುಲಾಬಿ ಬಣ್ಣ ಬಳಿದ.

"ಸಾರ್, ಇದು ಬರೀ ಪ್ಲಾಸ್ಟರ್ರು. ನೀರು ಬುಟ್ರೆ ಕರಗೋಯ್ತದೆ," ಎಂದ.

ಹವಳಗಳ ಸಂರಕ್ಷಣೆಯ ಹಿತದೃಷ್ಟಿಯಿಂದ ಕೊಳಕ್ಕೆ ನೀರು ಬಿಡತಕ್ಕದ್ದಲ್ಲ ಎಂದು ಅಂದೇ ಆದೇಶ ಹೊರಟಿತು.

"ನೀರಿಲ್ದೆ ಮುಳುಗೋದು ಹೇಗೆ ಸಾರ್?" ಎಂದು ಅಂಬುಜಾ ಕೇಳಿದರು.

"ಮುಳುಗೋದು ಮನಸ್ಸಿನ ಸ್ಥಿತಿ ಕಣಮ್ಮ," ಎಂದರು ನಿರ್ದೇಶಕರು.

"ಮಕ್ಕಳು?"

"ಅವ್ರೂ ಇಲ್ಲೇ ಈಜಲಿ. ಬಿದ್ರೂ ಒದ್ದೆಯಾಗಲ್ಲ."

ಉದ್ಘಾಟನೆಗೆ ಮಂಡಳಿಯ ಅಧ್ಯಕ್ಷ ರವಿಚಂದ್ರ ಅವರೇ ಮೊದಲ ಮುಳುಗುಗಾರರಾಗಿ ಇಳಿದರು. ರೇಷ್ಮೆ ಪಂಚೆಯ ಮೇಲೆ ಸಿಲಿಂಡರ್, ಮೂಗು ಮುಚ್ಚುವ ಮುಖವಾಡ, ಬಾಯಿಗೆ ಕೊಳವೆ. ಸಿಲಿಂಡರಿಗೆ ಗಾಳಿ ತುಂಬಿಸಿರಲಿಲ್ಲ. ಸುತ್ತಮುತ್ತ ಗಾಳಿ ಯಥೇಚ್ಛವಾಗಿರುವಾಗ ಅದನ್ನು ಕೊಳ್ಳುವುದು ದುಂದುವೆಚ್ಚವೆಂದು ಖರೀದಿ ವಿಭಾಗವು ಆಕ್ಷೇಪಿಸಿತ್ತು.

ಹೂಕೋಸುಗಳ ನಡುವೆ ತಲುಪುವಷ್ಟರಲ್ಲಿ ಅಧ್ಯಕ್ಷರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವರು ಎರಡೂ ಕೈ ಬಡಿದರು.

"ಮಾನ್ಯ ಅಧ್ಯಕ್ಷರು ಮೀನುಗಳಿಗೆ ಕೈಬೀಸುತ್ತಿದ್ದಾರೆ," ಎಂದು ಮೈಕಿನಲ್ಲಿ ನಿರ್ದೇಶಕರು ಸಾರಿದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕುಸಿದರು. ಇನ್ನಷ್ಟು ಚಪ್ಪಾಳೆ ಬಿತ್ತು.

ಅಂಬುಜಾ ಮಾತ್ರ ಕೊಳಕ್ಕೆ ಧುಮುಕಿ, ಮುಖವಾಡ, ಕೊಳವೆ ಎರಡನ್ನೂ ಕಿತ್ತೆಸೆದು, "ಉಸಿರಾಡಿ ಸಾರ್! ಇಲ್ಲಿ ನೀರೇ ಇಲ್ಲ!" ಎಂದು ಕೂಗಿದರು. ಅಧ್ಯಕ್ಷರು ಬದುಕಿಕೊಂಡರು. ಆದರೆ ಆ ಅವಸರದಲ್ಲಿ ಒಂದು ಹವಳ ಮುರಿಯಿತು.

ಮರುದಿನವೇ ಅಂಬುಜಾಗೆ ನೋಟೀಸು ಬಂತು. ಸಮುದ್ರತಳದಲ್ಲಿ ಮುಳುಗುಗಾರರೊಬ್ಬರ ಉಸಿರಾಟದ ಉಪಕರಣ ಕಿತ್ತುಹಾಕಿದ್ದು, ಹವಳಕ್ಕೆ ಹಾನಿ ಮಾಡಿದ್ದು, ಎಲ್ಲಕ್ಕಿಂತ ಮಿಗಿಲಾಗಿ ನೀರಿಲ್ಲವೆಂದು ಬಹಿರಂಗವಾಗಿ ಅಪಪ್ರಚಾರ ಮಾಡಿದ್ದು ಅವರ ಮೇಲಿನ ಆರೋಪ.

"ಪ್ರಾಣ ಉಳಿಸಿದ್ರಿ, ಇಲ್ಲ ಅನ್ನಲ್ಲ," ಎಂದು ಸ್ವತಃ ಅಧ್ಯಕ್ಷರು ವಿಚಾರಣೆಯಲ್ಲಿ ಹೇಳಿದರು. "ಆದ್ರೆ ಅಷ್ಟು ಜನರ ಮುಂದೆ ಮಂಡಳಿ ಮರ್ಯಾದೆ ಕಳೆದುಬುಟ್ರಲ್ಲಮ್ಮ."

ಅಂಬುಜಾಗೆ ಈ ಕೆಲಸ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ವಿಚಾರಣೆ ಕೊಳದ ತಳದಲ್ಲೇ ನಡೆಯುತ್ತಿದ್ದುದರಿಂದ ಕಣ್ಣೀರು ಹಾಕಲೂ ಅನುಮತಿಯಿರಲಿಲ್ಲ. ಕೊಳದಲ್ಲಿ ಸಾಕಷ್ಟು ನೀರಿತ್ತೆಂದೂ ತಮಗೇ ಕಾಣಲಿಲ್ಲವೆಂದೂ ಅವರು ಒಪ್ಪಿಕೊಂಡರು. ಮಂಡಳಿಯು ಉದಾರವಾಗಿ ಕ್ಷಮಿಸಿತು.

ಈಗ ದಿಬ್ಬಕ್ಕೆ ಜನ ಸಾಲುಗಟ್ಟಿ ಬರುತ್ತಾರೆ. ಒಂದು ಮೂಲೆಯಲ್ಲಿ ಮಕ್ಕಳು ಸಿಮೆಂಟಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿಯುತ್ತವೆ. ಅಂಬುಜಾ ಸೀಟಿ ಊದುತ್ತಾರೆ. ತೇರ್ಗಡೆಯಾದವರಿಗೆ ಪದಕವೂ ಉಂಟು. ಹೊರಬಾಗಿಲಲ್ಲಿ ಮಂಡಳಿಯು ಹೊಸ ಫಲಕ ನೆಟ್ಟಿದೆ: "ಇಲ್ಲಿ ಈಜು ಕಲಿತವರು ಯಾವ ಕಾರಣಕ್ಕೂ ನೀರಿಗೆ ಇಳಿಯತಕ್ಕದ್ದಲ್ಲ."

ಮೊಮ್ಮಗಳನ್ನು ಸೇರಿಸಲು ಬಂದ ಚಲುವಮ್ಮ ಅದನ್ನು ಓದಿಸಿಕೊಂಡು ಕೇಳಿ, ತಲೆದೂಗಿದರು.

"ಸರಿಯಾಗೇ ಬರ್ಸವ್ರೆ ಬುಡಿ. ನೀರು ಅಂದ್ರೆ ಅಪಾಯ ಅಲ್ವೇನ್ರೀ?"